ರೆಕ್ಕೆರಾಯನ ಪುಸ್ತಕದಲ್ಲಿ ಇಲ್ಲದ ಅತ್ತೆ

ಅವಳಿಗೆ ಕಾಜಮ್ಮ ಎಂದು ಹೆಸರು ಬಿದ್ದದ್ದು ಕೆಲಸದಿಂದ. ಅಂಗಿಯಲ್ಲಿ ಗುಂಡಿ ತೂರಿಸಲು ಒಂದು ಸೀಳು ಇರುತ್ತದಲ್ಲ, ಅದರ ಅಂಚಿಗೆ ದಾರ ಕಟ್ಟಿ ಗಟ್ಟಿ ಮಾಡುವುದೇ ಕಾಜಾ. ಅದರಲ್ಲಿ ಅವಳದು ಎತ್ತಿದ ಕೈ. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಆದರೆ ಯಾರಾದರೂ ಹಾಗೆ ಕರೆದರೆ, ಬೇರೆ ಯಾರನ್ನೋ ಕರೆದರೆಂದು ಅವಳೇ ಹಿಂದೆ ತಿರುಗಿ ನೋಡುತ್ತಿದ್ದಳು. ಅವಳು ಕಾಜಾ ಮಾಡಿ ಕೊಟ್ಟ ಅಂಗಿಗೆ ಗುಂಡಿ ಹಚ್ಚುವವಳು ಅವಳ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಆಕೆಗೆ ಗುಂಡಕ್ಕ ಎಂದು ಹೆಸರು. ಇಬ್ಬರೂ ಒಂದೇ ಮನೆಯಲ್ಲಿ ಉಂಡು, ಒಂದೇ ಬಸ್ಸು ಹತ್ತಿ, ಒಂದೇ ಚಾಪೆಯ ಮೇಲೆ ಕೂತು ದುಡಿಯುವವರು. ಒಬ್ಬಳು ತೂತು ಮಾಡುತ್ತಾಳೆ, ಇನ್ನೊಬ್ಬಳು ಮುಚ್ಚುತ್ತಾಳೆ ಎಂದು ಇಸ್ತ್ರಿಯವಳು ಅವರನ್ನು ರೇಗಿಸುತ್ತಿದ್ದಳು.

ಹೊಲಿಗೆ ಕೋಣೆ ಇದ್ದದ್ದು ಔಷಧದ ಅಂಗಡಿಯೊಂದರ ಹಿಂಭಾಗದಲ್ಲಿ. ಶಾಲೆ ಮಕ್ಕಳಿಗೆ, ಆಸ್ಪತ್ರೆ ಕೆಲಸದವರಿಗೆ ಸಮವಸ್ತ್ರ ಹೊಲಿಯುವ ಜಾಗ. ಗೋಡೆಗೆ ತಾಗಿ ಮಿಷನ್ನುಗಳ ಸಾಲು, ನಡುವೆ ಬಟ್ಟೆ ಕತ್ತರಿಸುವ ಉದ್ದ ಮೇಜು, ಮೂಲೆಯಲ್ಲಿ ಇಸ್ತ್ರಿ, ಕಿಟಕಿಯ ಕೆಳಗೆ ಕೈಕೆಲಸದವರ ಚಾಪೆ. ಯಜಮಾನಿ ಮೇಡಂ ವಾಸ ಮಹಡಿಯ ಮೇಲೆ. ಮಧ್ಯಾಹ್ನ ಉಂಡ ಮೇಲೆ ಅವರಿಗೆ ಒಂದು ನಿದ್ದೆ ಆಗಲೇಬೇಕು, ಆ ಹೊತ್ತಿನಲ್ಲಿ ಕೆಳಗೆ ಒಂದು ಮಿಷನ್ನೂ ಗುರ್ ಅನ್ನಕೂಡದು. ಹಾಗಾಗಿ ಮಿಷನ್ನಿನವರೂ ಚಾಪೆಗೆ ಬಂದು ಅಂಚು ಮಡಚುವುದು, ದಾರ ಕತ್ತರಿಸುವುದು ಮಾಡುತ್ತಿದ್ದರು. ಒಬ್ಬರು ಕಥೆ ಓದುವುದು, ಉಳಿದವರು ಕೈ ಆಡಿಸುತ್ತ ಕೇಳುವುದು ಆ ಹೊತ್ತಿನ ಪದ್ಧತಿ. ಓದುವವಳ ಪಾಲಿನ ಕೆಲಸವನ್ನು ಉಳಿದವರು ಹಂಚಿಕೊಂಡು ಮಾಡುತ್ತಿದ್ದರು. ಓದುವವಳು ಕಾಜಮ್ಮ. ಅವಳ ಗಂಟಲಿನಲ್ಲಿ ರಾಜನೂ ಇದ್ದ, ರಾಕ್ಷಸನೂ ಇದ್ದ, ಹಾಲಿಗೆ ಅಳುವ ಮಗುವೂ ಇತ್ತು.

ಆ ವರ್ಷ ಎಲ್ಲರ ಕೈಯಲ್ಲೂ ಒಂದೇ ದಪ್ಪ ಕಾದಂಬರಿ. ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ, ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ, ಎಲ್ಲಿ ನೋಡಿದರೂ ಅದೇ. ಮೇಡಂ ಮಗಳು ಓದಿ ಮುಗಿಸಿ ತನ್ನ ಪ್ರತಿಯನ್ನು ಕೆಳಗೆ ಕೊಟ್ಟಿದ್ದಳು. ಪುಸ್ತಕಕ್ಕೆ ಏನೋ ಉದ್ದದ ಹೆಸರಿತ್ತು, ಕೋಣೆಯವರ ಬಾಯಲ್ಲಿ ಅದು ರೆಕ್ಕೆರಾಯನ ಪುಸ್ತಕ. ಮೋಡದ ಮೇಲೆ ಕೋಟೆ ಕಟ್ಟಿಕೊಂಡ ಅರಸ, ಬೆನ್ನಿಗೆ ಕರಿಯ ರೆಕ್ಕೆ. ಅವನು ಬರಿಗೈಯಲ್ಲಿ ಯಾರನ್ನು ಮುಟ್ಟಿದರೂ ಅವರ ನೆನಪೆಲ್ಲ ಅಳಿಸಿಹೋಗುವ ಶಾಪ. ಅದಕ್ಕೇ ಸದಾ ಕೈಗವಸು. ಕೆಳಗಿನ ಪೇಟೆಯಲ್ಲಿ ಬೀಗ ಮಾಡುವವನ ಮಗಳು, ಅವಳು ತೆಗೆಯಲಾರದ ಬೀಗವಿಲ್ಲ. ಇಬ್ಬರಿಗೂ ಗಂಟು ಬೀಳಲೇಬೇಕು, ಬಿದ್ದಿತು.

ಅರಸ ಒಂದು ಬೆರಳಿನ ಕೈಗವಸನ್ನು ಮಾತ್ರ ಕತ್ತರಿಸಿ, ಬೀಗದ ಹುಡುಗಿಯ ಕೂದಲಿನ ತುದಿಯನ್ನು ಮುಟ್ಟಿದ ದಿನ ಕೋಣೆಯಲ್ಲಿ ಯಾರ ಕೈಯೂ ಆಡಲಿಲ್ಲ. ಕೂದಲಿಗೆ ನೆನಪು ಇರುತ್ತದೋ ಇಲ್ಲವೋ ಎಂದು ಕತ್ತರಿಯವಳಿಗೂ ಇಸ್ತ್ರಿಯವಳಿಗೂ ಜಗಳವೇ ಆಯಿತು. ಎಲ್ಲರಿಗಿಂತ ಹೆಚ್ಚು ಮರುಳಾದವಳು ಗುಂಡಕ್ಕ. ಮೊಮ್ಮಗುವನ್ನು ಎತ್ತಿ ಆಡಿಸುವ ವಯಸ್ಸು, ಆದರೆ ರೆಕ್ಕೆರಾಯ ಎಂದರೆ ಕೆನ್ನೆ ಕೆಂಪಾಗುತ್ತಿತ್ತು. "ನಮ್ಮ ಮನೆಯವರಿಗೆ ರೆಕ್ಕೆ ಬೇಡ, ಸ್ನಾನ ಮಾಡಿದ ಮೇಲೆ ಟವಲ್ ಒಣಗಿಸೋ ಬುದ್ಧಿ ಬಂದ್ರೆ ಸಾಕಾಗಿತ್ತು ಕಣ್ರೇ" ಅನ್ನುತ್ತಿದ್ದಳು. ಓದುವವಳಿಗೆ ಅವಳಿಗಿಂತ ಚೆನ್ನಾಗಿ ಕೇಳುವವಳು ಸಿಗಲಾರಳು. ಕಾಜಮ್ಮನೂ ಅವಳ ಮುಖ ನೋಡಿಕೊಂಡೇ ಓದುತ್ತಿದ್ದಳು.

ನಿಟ್ಟುಸಿರು ಬಿಡದೆ ಕೇಳುತ್ತಿದ್ದವಳು ಒಬ್ಬಳೇ, ಕಾಜಮ್ಮನ ಮಗಳು. ಅಮ್ಮನ ತೋಳಿಗೆ ತೋಳು ತಾಗುವಂತೆ ಕೂತು ಲಂಗದ ಅಂಚು ಮಡಚುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಅವಳಿಗೂ ಕನ್ನಡಕದ ಅಂಗಡಿಯ ಹುಡುಗನಿಗೂ ಮದುವೆ ಮಾತಾಗಿತ್ತು. ದೊಡ್ಡವರು ಕೂಡಿ ಆಡುವ ಮುಂಚೆಯೇ ಅವರಿಬ್ಬರೂ ಮೆಚ್ಚಿಕೊಂಡಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಹುಡುಗನ ಕಡೆಯವರು ಬಾಯಿ ಮುಚ್ಚಿಕೊಂಡರು. ಕಾರಣ ಹೇಳಲಿಲ್ಲ. ಆ ವರ್ಷವೇ ಅವನಿಗೆ ಬೇರೆ ಕಡೆ ಮದುವೆಯಾಯಿತು. ಮಗಳು ಅಳಲಿಲ್ಲ, ಬೈಯಲಿಲ್ಲ, ಮತ್ತೊಂದು ಗಂಡನ್ನು ನೋಡಲು ಒಪ್ಪಲೂ ಇಲ್ಲ. ಅವಳ ನಗು ಎಲ್ಲಿ ಹೋಯಿತೆಂದು ಹುಡುಕುತ್ತ ಕಾಜಮ್ಮನ ಕೂದಲು ಬೆಳ್ಳಗಾಯಿತು.

ಕಾರಣ ತಿಳಿದದ್ದು ದವಾಖಾನೆಯಲ್ಲಿ. ಮಂಡಿನೋವಿಗೆ ಮಾತ್ರೆ ಬರೆಸಿಕೊಳ್ಳಲು ಹೋಗಿದ್ದ ಕಾಜಮ್ಮನ ಪಕ್ಕದ ಕುರ್ಚಿಗೆ, ಬೇರೆಲ್ಲೂ ಜಾಗವಿಲ್ಲದೆ, ಆ ಹುಡುಗನ ತಾಯಿ ಬಂದು ಕೂತಳು. ಆಕೆಯೇ ಬಾಯಿ ಬಿಟ್ಟಳು.

"ಮಗಳಿಗೆ ಈಗ ಹೇಗಿದೆ? ಮೂರ್ಛೆ ಬರೋದು ಕಡಿಮೆ ಆಯ್ತಾ?"

"ಯಾವ ಮೂರ್ಛೆ?"

"ಅದೇ... ನಿಮ್ಮ ವಾರಗಿತ್ತಿ ಬಸ್ ಸ್ಟಾಪಲ್ಲಿ ಸಿಕ್ಕಾಗ ಹೇಳಿದ್ರಲ್ಲ. ಹುಡುಗಿ ಬಂಗಾರ, ಪಾಪ, ಅದೊಂದು ಬಿಟ್ರೆ ಅಂತ. ನಾವೂ ಹೆದರಿಬಿಟ್ವಿ. ತಪ್ಪು ತಿಳ್ಕೋಬೇಡಿ."

ಮಗಳಿಗೆ ಮೂರ್ಛೆ ಎಂಬುದು ಜನ್ಮದಲ್ಲಿ ಬಂದದ್ದಿಲ್ಲ. ಅದೇ ಕನ್ನಡಕದ ಅಂಗಡಿಯವರು ಮೊದಲು ಗುಂಡಕ್ಕನ ಮಗಳನ್ನು ನೋಡಿ ಬೇಡವೆಂದಿದ್ದರು. ಗುಂಡಕ್ಕನಿಗೆ ಇದ್ದ ಕಾರಣ ಅಷ್ಟೇ. ಕಾಜಮ್ಮನ ಎದೆಯಲ್ಲಿ ಬೆಂಕಿ ಬಿತ್ತು. ಮಾತ್ರೆ ಬರೆಸಿಕೊಳ್ಳುವುದನ್ನೂ ಮರೆತು, ಕುಂಟುತ್ತಲೇ ಮನೆಯ ಕಡೆ ನಡೆದಳು. ಹೋದವಳೇ ಗುಂಡಕ್ಕನ ಜುಟ್ಟು ಹಿಡಿದು ಬೀದಿಗೆ ಎಳೆಯಬೇಕು ಎಂದುಕೊಂಡಿದ್ದಳು. ಮನೆಯ ತಿರುವಿಗೆ ಬರುವ ಹೊತ್ತಿಗೆ ಬುದ್ಧಿ ತಣ್ಣಗಾಯಿತು. ಎಳೆದರೆ ಏನಾಗುತ್ತದೆ? ಗುಂಡಕ್ಕ ಅಳುತ್ತಾಳೆ. ನಲ್ಲಿ ತಿರುಗಿಸಿದಷ್ಟು ಸಲೀಸಾಗಿ ಅಳುವ ಹೆಂಗಸು ಅವಳು. ಒಳ್ಳೆಯದಕ್ಕೇ ಹೇಳಿದೆ, ನಿನ್ನ ಮಗಳು ಬೇರೆ ನನ್ನ ಮಗಳು ಬೇರೆಯಾ ಅನ್ನುತ್ತಾಳೆ. ಸಂಜೆಯಾಗುವಷ್ಟರಲ್ಲಿ ಭಾವನೂ ಗಂಡನೂ ಅವಳಿಗೇ ನೀರು ಕುಡಿಸಿ ಸಮಾಧಾನ ಮಾಡುತ್ತಿರುತ್ತಾರೆ. ತಪ್ಪು ಕಾಜಮ್ಮನದೇ ಆಗಿರುತ್ತದೆ. ಇಷ್ಟು ವರ್ಷ ಪ್ರತಿ ಜಗಳವೂ ಹಾಗೇ ಮುಗಿದಿತ್ತು. ಈ ಸಲ ಅವಳ ಶಿಕ್ಷೆ ಅವಳ ಬಾಯಿಂದಲೇ ಬರಬೇಕು, ಅದೂ ಹತ್ತು ಜನರ ಮುಂದೆ. ಅಲ್ಲಿಯ ತನಕ ಮಗಳಿಗೂ ಹೇಳಕೂಡದು ಎಂದು ನಿಶ್ಚಯಿಸಿದಳು.

ಮರುದಿನ ಮಧ್ಯಾಹ್ನ ಮೇಡಂ ಮಲಗಿದರು, ಮಿಷನ್ನುಗಳು ನಿಂತವು. ಕಾಜಮ್ಮ ರೆಕ್ಕೆರಾಯನ ಪುಸ್ತಕ ತೆರೆದಳು. ಪುಸ್ತಕದಲ್ಲಿ ಆ ಹೊತ್ತು ಅರಸ ಹುಡುಗಿಯನ್ನು ಬೆನ್ನಿನ ಮೇಲೆ ಕೂರಿಸಿಕೊಂಡು ಹಾರಬೇಕಿತ್ತು. ಕಾಜಮ್ಮ ಅವರನ್ನು ಅಲ್ಲೇ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ಕಣ್ಣು ಹಾಳೆಯ ಮೇಲಿಟ್ಟೇ ಬೇರೆ ಒಬ್ಬಳನ್ನು ಒಳಗೆ ಕರೆತಂದಳು.

"ಬೀಗದ ಹುಡುಗಿಗೆ ಒಬ್ಬಳು ಅತ್ತೆ ಇದ್ದಳು. ನಕ್ಕರೆ ಬೆಣ್ಣೆ. ಅವಳು ಒಂದು ಮುಂಜಾನೆ ಮೋಡದ ಮೆಟ್ಟಿಲು ಹತ್ತಿ ರೆಕ್ಕೆರಾಯನ ತಾಯಿಯ ಬಳಿ ಹೋದಳು. 'ಹುಡುಗಿ ಬಂಗಾರ. ಪಾಪ, ಅದೊಂದು ಬಿಟ್ರೆ' ಅಂದಳು. 'ಯಾವುದೊಂದು?' ಎಂದು ತಾಯಿ ಕೇಳಿದಳು. 'ಹುಣ್ಣಿಮೆ ದಿನ ಅವಳ ಬೆರಳು ಕಲ್ಲಾಗ್ತವೆ, ಮುಟ್ಟಿದವರ ಕತ್ತು ಹಿಸುಕ್ತವೆ. ನಾನು ಹೇಳಿದೆ ಅಂತ ಹೇಳ್ಬೇಡಿ' ಅಂದಳು ಅತ್ತೆ."

"ಅಯ್ಯೋ ಪಾಪಿ!" ಎಂದಳು ಕತ್ತರಿಯವಳು.

ಕಾಜಮ್ಮ ಕಣ್ಣೆತ್ತಿ ಗುಂಡಕ್ಕನನ್ನು ನೋಡಿದಳು. ಈಗ ಮುಖ ಬಿಳಿಚುತ್ತದೆ, ಈಗ ತಲೆ ತಗ್ಗುತ್ತದೆ ಎಂದು ಕಾದಳು. ಗುಂಡಕ್ಕನ ಕಣ್ಣುಗಳು ಕೋಪದಿಂದ ಅರಳಿದ್ದವು.

"ಇವಳ ನಾಲಿಗೆ ಸೇದಿಹೋಗ! ಆ ಹುಡುಗಿ ಉಸಾಬರಿ ಕಟ್ಕೊಂಡು ಏನಾಗಬೇಕಿತ್ತು ಇವಳಿಗೆ? ಮುಂದಕ್ಕೆ ಓದೇ, ಮುಂದಕ್ಕೆ ಓದು."

ಅವಳಿಗೆ ಗೊತ್ತೇ ಆಗಿರಲಿಲ್ಲ. ನಟನೆ ಮಾಡುತ್ತಿದ್ದಾಳೋ ಎಂದು ಕಾಜಮ್ಮ ಒಂದು ವಾರ ಗಮನಿಸಿದಳು. ನಟನೆ ಅಲ್ಲ. ಬಸ್ಸಿಗೆ ಕಾಯುವಾಗ ಒಬ್ಬ ಹುಡುಗಿಯ ಬಾಳಿಗೆ ಕೊಳ್ಳಿ ಇಟ್ಟು, ಬಸ್ಸು ಬಂದ ಕೂಡಲೇ ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದು ಖುಷಿಪಟ್ಟು ಮರೆತಿದ್ದಳು. ಇಂಥವರು ಊರ ತುಂಬ ಇರುತ್ತಾರೆ. ಮಾಡಿಸಿಕೊಂಡವರ ಎದೆಯಲ್ಲಿ ಉಳಿದದ್ದು ಮಾಡಿದವರ ತಲೆಯಲ್ಲಿ ಇರುವುದೇ ಇಲ್ಲ. ಕಾಜಮ್ಮನ ಸಿಟ್ಟು ಇಮ್ಮಡಿಯಾದದ್ದು ಇದರಿಂದ. ದ್ವೇಷದಿಂದ ಮಾಡಿದ್ದರೆ ಎದುರಾಳಿ ಅನ್ನಬಹುದಿತ್ತು. ಇವಳು ಸೊಳ್ಳೆ ಹೊಡೆದಷ್ಟು ಸುಲಭವಾಗಿ ಮಾಡಿ ಕೈ ಒರೆಸಿಕೊಂಡಿದ್ದಳು.

ಹಾಗಾಗಿ ಕಾಜಮ್ಮ ಅತ್ತೆಯನ್ನು ಬೆಳೆಸುತ್ತ ಹೋದಳು. ಅತ್ತೆಗೆ ಗುಂಡಕ್ಕನ ನಡಿಗೆ ಕೊಟ್ಟಳು, ಮಾತಿನ ನಡುವೆ ಮೂಗು ಸವರಿಕೊಳ್ಳುವ ಚಾಳಿ ಕೊಟ್ಟಳು, ಮದುವೆಯಾಗದ ಒಬ್ಬ ಮಗಳನ್ನೂ ಕೊಟ್ಟಳು. ಕೋಣೆಗೆ ಕೋಣೆಯೇ ಅತ್ತೆಯನ್ನು ಹಲ್ಲು ಕಡಿದು ದ್ವೇಷಿಸಿತು. ರೆಕ್ಕೆರಾಯ ಹಾರುವುದನ್ನೇ ಬಿಟ್ಟು ಎಷ್ಟೋ ದಿನವಾಗಿತ್ತು, ಯಾರೂ ಕೇಳಲಿಲ್ಲ. ಬೆಳಿಗ್ಗೆ ಬಂದವರು ಚಪ್ಪಲಿ ಬಿಡುವ ಮುಂಚೆಯೇ ಇವತ್ತು ಅತ್ತೆ ಸಿಕ್ಕಿಬೀಳ್ತಾಳಾ ಎಂದು ವಿಚಾರಿಸುತ್ತಿದ್ದರು. "ಅದೊಂದು ಬಿಟ್ರೆ" ಎಂಬುದು ಕೋಣೆಯ ಮಾತೇ ಆಗಿಹೋಯಿತು. ಮೇಡಂ ಬಂಗಾರ, ಪಾಪ, ಸಂಬಳದ ದಿನ ಒಂದು ಬಿಟ್ರೆ ಎಂದು ಗುಂಡಕ್ಕನೇ ಹಾಸ್ಯ ಮಾಡಿದಳು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕಾಜಮ್ಮನಿಗೆ ಆ ನಗು ಕಿವಿಗೆ ಕಾದ ಎಣ್ಣೆ ಬಿಟ್ಟ ಹಾಗಾಯಿತು.

ನಡುವೆ ಒಂದು ಗಂಡಾಂತರವೂ ಬಂದು ಹೋಯಿತು. ಇಸ್ತ್ರಿಯವಳು ತಡೆಯಲಾರದೆ ತನ್ನ ತಂಗಿಯ ಮನೆಯಿಂದ ಅದೇ ಪುಸ್ತಕದ ಇನ್ನೊಂದು ಪ್ರತಿ ತಂದಿದ್ದಳು. "ಇದರಲ್ಲಿ ಅತ್ತೆ ಅನ್ನೋಳೇ ಇಲ್ವಲ್ರೇ! ಮೊದಲಿನಿಂದ ಕೊನೆವರೆಗೂ ನೋಡಿದೆ" ಎಂದು ಚಾಪೆಯ ಮೇಲೆ ಎಸೆದಳು. ಕಾಜಮ್ಮನನ್ನು ಪಾರು ಮಾಡಿದವಳು ಗುಂಡಕ್ಕ. ಆ ಪ್ರತಿಯನ್ನು ತಿರುವಿ, ಕಾಗದವನ್ನು ಬೆರಳಿನಿಂದ ಉಜ್ಜಿ, ಬಟ್ಟೆ ಅಂಗಡಿಯವರ ಗತ್ತಿನಲ್ಲಿ ತೀರ್ಪು ಕೊಟ್ಟಳು.

"ಇದು ಡೂಪ್ಲಿಕೇಟು. ಫುಟ್‌ಪಾತಲ್ಲಿ ಮಾರ್ತಾರಲ್ಲ, ಅದು. ಕಾಗದ ಉಳಿಸೋಕೆ ಅತ್ತೆನ ತೆಗೆದುಹಾಕಿದ್ದಾರೆ. ನಿನ್ನ ತಂಗಿಗೆ ಹೇಳು, ಹೋಗಿ ಜಗಳ ಮಾಡಲಿ."

"ಹೌದಾ? ಹಾಗಾದ್ರೆ ಅರ್ಧ ದುಡ್ಡು ವಾಪಸ್ ಕೇಳ್ಬೇಕು" ಎಂದಳು ಇಸ್ತ್ರಿಯವಳು. ಅವಳ ತಂಗಿ ನಿಜವಾಗಿಯೂ ಹೋಗಿ ಜಗಳ ಮಾಡಿ ಬಂದಳಂತೆ. ಇಲ್ಲದ ಅತ್ತೆಗಾಗಿ ಪುಸ್ತಕದ ಅಂಗಡಿಯವನು ಬೈಸಿಕೊಂಡ.

ಕೊನೆಗೆ ಕಾಜಮ್ಮ ತಾನು ಬೀಸಿದ ಬಲೆಯನ್ನು ಎಳೆಯುವ ದಿನ ಬಂತು. ಅತ್ತೆ ಸಿಕ್ಕಿಬಿದ್ದಿದ್ದಳು. ಮೋಡದ ಕೋಟೆಯಲ್ಲಿ ಸಭೆ ಕೂಡಿತ್ತು. ಕಾಜಮ್ಮ ಆ ದಿನ ಬೆಳಿಗ್ಗೆಯಿಂದ ಒಂದೇ ಒಂದು ಮಾತನ್ನು ಬಾಯೊಳಗೆ ಹೊರಳಿಸುತ್ತಿದ್ದಳು, ಆ ಅತ್ತೆ ನೀನೇ ಅಕ್ಕಾ ಎಂಬ ಮಾತು. ಮಧ್ಯಾಹ್ನ ಓದುತ್ತ ಓದುತ್ತ ತಟ್ಟನೆ ನಿಲ್ಲಿಸಿದಳು.

"ಇಲ್ಲಿ ರೆಕ್ಕೆರಾಯ ಸಭೆಯವರನ್ನ ಕೇಳ್ತಾನೆ. ಇವಳಿಗೆ ಏನು ಮಾಡ್ಬೇಕು ಅಂತ. ನೀವೇ ಹೇಳ್ರೇ, ನೋಡೋಣ."

ಕೋಣೆಯಲ್ಲಿ ಗದ್ದಲವಾಯಿತು. ಇಸ್ತ್ರಿಯವಳು ಬಾಯಿಗೆ ಬರೆ ಎಳೆಯಬೇಕು ಎಂದಳು, ಬಿಸಿ ಪೆಟ್ಟಿಗೆಯನ್ನು ಎತ್ತಿಯೇ ತೋರಿಸಿದಳು. ಕತ್ತರಿಯವಳು ಮೋಡದಿಂದ ಕೆಳಗೆ ನೂಕಿ ಅಂದಳು. ಗುಂಡಕ್ಕ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು.

"ಸಾಯಿಸಬಾರದು ಕಣ್ರೇ. ಸತ್ತರೆ ಅವಳಿಗೇನು, ಮುಗೀತು. ಯಾರ ಬಾಳು ಹಾಳು ಮಾಡಿದ್ಲೋ ಆ ಹುಡುಗಿ ಕೈಗೇ ಕೊಟ್ಟುಬಿಡ್ಬೇಕು. ಅವಳು ಏನು ಬೇಕಾದ್ರೂ ಮಾಡ್ಕೊಳ್ಳಲಿ. ಒಬ್ಬರೂ ಅಡ್ಡ ಬರಬಾರದು. ಹೆತ್ತವರೂ ಬರಬಾರದು. ಆಗ ಗೊತ್ತಾಗುತ್ತೆ."

ಎಲ್ಲರೂ ಸೈ ಎಂದರು. ಇದಕ್ಕಿಂತ ಒಳ್ಳೆಯ ತೀರ್ಪು ಕಾಜಮ್ಮನಿಗೂ ಹೊಳೆದಿರಲಿಲ್ಲ. ಬಾಯಿ ತೆರೆದಳು. ಆಗ ಪಕ್ಕದಿಂದ ಒಂದು ಕೈ ಬಂದು ಪುಸ್ತಕವನ್ನು ತೆಗೆದುಕೊಂಡಿತು.

"ಅಮ್ಮ, ನಿನ್ನ ಗಂಟಲು ಕಟ್ಟಿದೆ. ಉಳಿದದ್ದು ನಾನು ಓದ್ತೀನಿ" ಎಂದಳು ಮಗಳು.

ಅವಳು ಯಾವತ್ತೂ ಓದಿದವಳಲ್ಲ. ಮಡಚುತ್ತಿದ್ದ ಲಂಗವನ್ನು ಪಕ್ಕಕ್ಕಿಟ್ಟು, ಪುಸ್ತಕವನ್ನು ತೊಡೆಯ ಮೇಲೆ ಹರಡಿಕೊಂಡು, ಏರಿಳಿತವಿಲ್ಲದ ದನಿಯಲ್ಲಿ ಶುರು ಮಾಡಿದಳು.

"ಬೀಗದ ಹುಡುಗಿ ಎದ್ದು ಅತ್ತೆಯ ಮುಂದೆ ಬಂದು ನಿಂತಳು. 'ಬಸ್ ಸ್ಟಾಪಿನಲ್ಲಿ ನೀವು ಏನು ಹೇಳಿದಿರಿ ಅಂತ ನನಗೆ ಅವತ್ತೇ ಗೊತ್ತಾಯಿತು' ಅಂದಳು."

"ಮೋಡದ ಕೋಟೆಗೆ ಬಸ್ಸು ಎಲ್ಲಿಂದ ಬಂತೇ?" ಎಂದಳು ಇಸ್ತ್ರಿಯವಳು.

"ಬಂದಿದೆ. ಕೇಳಿ." ಮಗಳು ಹಾಳೆಯಿಂದ ಕಣ್ಣೆತ್ತಲಿಲ್ಲ. "'ಹುಡುಗಿಗೆ ಮೂರ್ಛೆ ಬರುತ್ತೆ ಅಂದಿರಿ. ಅವನ ತಾಯಿ ಮನೆಗೆ ಹೋಗಿ ಹೇಳಿದಳು. ಅವನು ನನ್ನ ಹತ್ತಿರ ಬಂದು, ನಿಜವಾ ಅಂತ ಕೇಳಿದ. ಕೇಳಿದನಲ್ಲ, ಅದಕ್ಕೇ ನಾನು ಅವನನ್ನ ಬಿಟ್ಟೆ. ಅವನ ಲೆಕ್ಕ ಅಲ್ಲಿಗೇ ಮುಗೀತು. ನಿಮ್ಮದನ್ನ ಮಾತ್ರ ಇಷ್ಟು ವರ್ಷ ಇಟ್ಟುಕೊಂಡಿದ್ದೆ.'"

ಕತ್ತರಿಯವಳಿಗೆ ತಲೆಬುಡ ತಿಳಿಯಲಿಲ್ಲ. ಈ ಅಧ್ಯಾಯ ಬರೆದವನಿಗೆ ನಿದ್ದೆಗಣ್ಣೇ ಇರಬೇಕು ಎಂದು ಗೊಣಗಿದಳು. ಕಾಜಮ್ಮ ಮಗಳ ಮುಖವನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ತಾನು ಕೆಲವು ವಾರಗಳಿಂದ ಹೊತ್ತದ್ದನ್ನು ಈ ಹುಡುಗಿ ವರ್ಷಗಟ್ಟಲೆ ಹೊತ್ತು, ಅದೇ ಹೆಂಗಸಿನ ಪಕ್ಕ ಕೂತು ಅಂಚು ಮಡಚಿದ್ದಳು. ಅವಳಿಗೆ ಮೊದಲು ಭಯವಾಯಿತು. ಆಮೇಲೆ ಹೆಮ್ಮೆಯಾಯಿತು, ಎಂಥ ಗಟ್ಟಿ ಪಿಂಡ ಹೆತ್ತೆ ಅನ್ನಿಸಿತು.

ಗುಂಡಕ್ಕನ ಸೂಜಿ ನಿಂತಿತ್ತು. ಬಸ್ ಸ್ಟಾಪು ಎಂದಾಗ ಅವಳ ಹುಬ್ಬು ಗಂಟಾಗಿತ್ತು. ಮೂರ್ಛೆ ಎಂದಾಗ ಆ ಗಂಟು ಬಿಚ್ಚಿತು. ಅವಳ ಕಣ್ಣು ಮಗಳಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಓಡಾಡಿತು. ಅಳು ಬರಲಿಲ್ಲ. ಅಳುವುದಕ್ಕಾದರೂ ಸಮಾಧಾನ ಮಾಡುವವರು ಎದುರಿಗೆ ಬೇಕು, ಇಲ್ಲಿದ್ದವರೆಲ್ಲ ಈಗಷ್ಟೇ ಅತ್ತೆಯ ಬಾಯಿಗೆ ಬರೆ ಎಳೆಯಲು ನಿಂತವರು.

"ಶಿಕ್ಷೆ ಏನು ಕೊಟ್ಲು, ಅದು ಓದು ಮೊದಲು" ಎಂದು ಇಸ್ತ್ರಿಯವಳು ಅವಸರಪಡಿಸಿದಳು.

"ಓದ್ತೀನಿ. 'ನಿಮ್ಮನ್ನ ಕೊಲ್ಲಲ್ಲ, ಓಡಿಸಲ್ಲ. ಮೈದುನನ ಮನೆ, ಗಂಡನ ಮನೆ ಎಲ್ಲ ಒಂದೇ, ಅಲ್ಲೇ ಇರಿ. ಇವತ್ತಿನಿಂದ ನಿಮ್ಮ ತಟ್ಟೆಗೆ ನಾನೇ ಬಡಿಸ್ತೀನಿ. ದಿನಾ ಬಡಿಸ್ತೀನಿ. ನೀವು ದಿನಾ ತಿನ್ನಬೇಕು' ಅಂದಳು."

ಮಗಳು ಪುಸ್ತಕ ಮುಚ್ಚಿ ಅಮ್ಮನ ತೊಡೆಯ ಮೇಲಿಟ್ಟಳು. ಕೋಣೆಯವರಿಗೆ ಮೋಸವಾದಂತಾಯಿತು. ಇಷ್ಟು ದಿನ ಕಾಯಿಸಿ ಊಟಕ್ಕೆ ಕೂರಿಸೋದಾ, ಇದೂ ಒಂದು ಶಿಕ್ಷೆಯಾ ಎಂದು ಬೈದುಕೊಂಡರು. ಮೇಲೆ ಮೇಡಂ ಎದ್ದು ಓಡಾಡುವ ಸದ್ದಾಯಿತು. ಎಲ್ಲರೂ ಗೊಣಗುತ್ತಲೇ ತಮ್ಮ ತಮ್ಮ ಮಿಷನ್ನಿಗೆ ಹೋದರು. ಗುಂಡಕ್ಕ ಆ ದಿನ ಉಳಿದ ಹೊತ್ತಿನಲ್ಲಿ ಹಚ್ಚಿದ ಗುಂಡಿಗಳನ್ನೆಲ್ಲ ಮರುದಿನ ಬಿಚ್ಚಿ ಮತ್ತೆ ಹಚ್ಚಬೇಕಾಯಿತು.

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತು ಬಂದರು. ಮನೆಗೆ ಬಂದು ಕಾಜಮ್ಮ ಅಡುಗೆ ಮಾಡಿದಳು. ಗಂಡಸರು ಕೈತೊಳೆದು ಬಂದು ಕೂತರು, ಹೆಂಗಸರೂ ಕೂತರು. ಮಗಳು ಸೆರಗು ಸಿಕ್ಕಿಸಿಕೊಂಡು ಬಡಿಸಲು ನಿಂತಳು. ಎಲ್ಲರ ತಟ್ಟೆಗೂ ಅಲ್ಲೇ ಬಡಿಸಿದಳು. ದೊಡ್ಡಮ್ಮನ ತಟ್ಟೆಯನ್ನು ಮಾತ್ರ ಒಳಗೆ ತೆಗೆದುಕೊಂಡು ಹೋಗಿ, ತುಂಬಿಸಿ, ತಂದಿಟ್ಟಳು. ಬಹಳ ಕಾಲದ ಮೇಲೆ ಅವಳ ಮುಖದಲ್ಲಿ ನಗು ಇತ್ತು.

"ನನಗೆ ಹಸಿವಿಲ್ಲ" ಎಂದಳು ಗುಂಡಕ್ಕ.

"ಮಧ್ಯಾಹ್ನ ಕೂಡ ಸರಿಯಾಗಿ ತಿಂದಿಲ್ಲ ನೀವು. ನಿಮಗೇ ಅಂತ ಮಾಡಿದ್ದು. ತಿನ್ನಿ ದೊಡ್ಡಮ್ಮ."

"ತಿನ್ನೇ, ಮಗು ಅಷ್ಟು ಪ್ರೀತಿಯಿಂದ ಕೊಡ್ತಿದೆ" ಎಂದ ಗುಂಡಕ್ಕನ ಗಂಡ, ತಟ್ಟೆಯಿಂದ ತಲೆ ಎತ್ತದೆ.

ಗುಂಡಕ್ಕ ತುತ್ತು ಕಲಸಿದಳು. ಬಾಯಿಯ ತನಕ ತಂದು ಇಳಿಸಿದಳು. ಮೆಲ್ಲಗೆ ತಟ್ಟೆಯನ್ನು ಕಾಜಮ್ಮನ ಕಡೆ ಸರಿಸಿ, ಬೇರೆಯವರಿಗೆ ಕೇಳಿಸದ ಹಾಗೆ, ಜನ್ಮದಲ್ಲಿ ಮೊದಲ ಸಲ ಅವಳ ಬಳಿ ಏನನ್ನೋ ಬೇಡಿದಳು.

"ನೀನೊಂದು ತುತ್ತು ತಗೊಳ್ಳೇ ಇದರಲ್ಲಿ. ಒಂದೇ ಒಂದು."

ಒಂದೇ ಪಾತ್ರೆಯ ಅಡುಗೆ, ತಾನೇ ಮಾಡಿದ್ದು. ಮಗಳು ತಟ್ಟೆಯನ್ನು ಒಳಗೆ ಒಯ್ದದ್ದು ಬರೀ ಹೆದರಿಸಲಿಕ್ಕೆ, ಅದರಲ್ಲಿ ವಿಷಗಿಷ ಏನೂ ಇಲ್ಲ ಎಂದು ಕಾಜಮ್ಮನಿಗೆ ಗೊತ್ತಿತ್ತು. ಒಂದು ತುತ್ತು ತಿಂದು ತೋರಿಸಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು.

"ನನಗೆ ಹೊಟ್ಟೆ ತುಂಬಿದೆ ಅಕ್ಕ" ಎಂದು ಅವಳು ಎದ್ದು ಕೈ ತೊಳೆಯಲು ಹೋದಳು. ಹಿಂದಿನಿಂದ ಮಗಳ ದನಿ ಕೇಳಿಸಿತು.

"ತಿನ್ನಿ ದೊಡ್ಡಮ್ಮ, ಆರಿಹೋಗುತ್ತೆ."